ಬೇಸಿಗೆಯ ಸೂಟಿಯಲ್ಲಿ ಐದು ತಾಲೂಕು

ಕೃಷ್ಣೆಯ ದಂಡೆಯ ನಮ್ಮ ಗಡಿಸೀಮೆಯಲ್ಲಿ ಶಾಲೆಯ ರಜೆಗೆ ‘ಸೂಟಿ’ ಎಂದೇ ಹೆಸರು. ಏಪ್ರಿಲ್ ಎರಡನೆಯ ವಾರ ಬಂದಿತೆಂದರೆ ಹಾದಿಯಲ್ಲಿ ಸಿಕ್ಕವರೆಲ್ಲ, “ಏನ್ರಿ ಮಾಸ್ತರ, ಸೂಟಿ ಬಿತ್ತಲ್ರಿ, ಇನ್ನೇನ ಆರಾಮ!” ಎಂದು ನಗುತ್ತಾರೆ. ಆ ನಗೆಯಲ್ಲಿ ಪ್ರೀತಿಯೂ ಇದೆ, ತುಸು ಅಸೂಯೆಯೂ ಇದೆ. ಈ ಪತ್ರಿಕೆಯನ್ನು ತರಿಸುವ ಮನೆಗಳಲ್ಲಿ ಒಬ್ಬರಾದರೂ ಶಿಕ್ಷಕರೋ ಶಿಕ್ಷಕಿಯರೋ ಇಲ್ಲದ ಮನೆ ಅಪರೂಪ. ಆದ್ದರಿಂದ ಆ ಆರಾಮದ ಲೆಕ್ಕವನ್ನು ಮೊದಲು ಓದುಗರ ಮುಂದಿಡುವುದು ಉಚಿತವೆನಿಸುತ್ತದೆ.

2024ನೆಯ ಇಸವಿಯನ್ನೇ ತೆಗೆದುಕೊಳ್ಳೋಣ. ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ. ಒಟ್ಟು 48 ದಿನ. ಅದರ ನಡುವೆ ಲೋಕಸಭಾ ಚುನಾವಣೆಯ ತರಬೇತಿಗಳು, ಮೇ 7ರಂದು ಚಿಕ್ಕೋಡಿ ಕ್ಷೇತ್ರದ ಮತದಾನ. ಬರಪೀಡಿತವೆಂದು ಘೋಷಿತವಾದ ತಾಲೂಕುಗಳಲ್ಲಿ ಮಕ್ಕಳಿಗೆ ರಜೆಯಲ್ಲಿಯೂ ಬಿಸಿಯೂಟ ನಡೆಯಿತು. ಅದರ ಮೇಲ್ವಿಚಾರಣೆಯೂ ಶಿಕ್ಷಕರದೇ. ಎಸ್.ಎಸ್.ಎಲ್.ಸಿ.ಯ ಎರಡನೆಯ ಪರೀಕ್ಷೆಗಾಗಿ ರಜೆಯಲ್ಲಿಯೇ ವಿಶೇಷ ತರಗತಿ ನಡೆಸಬೇಕೆಂಬ ಆದೇಶ ಬಂದಾಗ ಶಿಕ್ಷಕ ಸಮುದಾಯ ಆಕ್ಷೇಪಿಸಿತು; ಕೊನೆಗೆ ಪರೀಕ್ಷೆಯೇ ಜೂನ್ 14ಕ್ಕೆ ಮುಂದೆ ಹೋಯಿತು. ಮರುವರ್ಷ, 2025ರ ಮೇ ತಿಂಗಳಲ್ಲಿ, ಪರಿಶಿಷ್ಟ ಜಾತಿಗಳ ಸಮೀಕ್ಷೆಗೆ ಮನೆಮನೆ ತಿರುಗಿದವರೂ ಬಹುಪಾಲು ಶಿಕ್ಷಕರೇ. ಬೇಸಿಗೆ ರಜೆ ಇದೆಯೆಂಬ ಕಾರಣಕ್ಕೆ ಇತರ ನೌಕರರಿಗೆ ವರ್ಷಕ್ಕೆ 30 ದಿನ ದೊರೆಯುವ ಗಳಿಕೆ ರಜೆ ಶಿಕ್ಷಕರಿಗೆ 10 ದಿನ ಮಾತ್ರ ಎಂಬುದು ಬಹು ಜನರಿಗೆ ತಿಳಿಯದು. ಸೂಟಿ ಪುಕ್ಕಟೆಯಾಗಿ ಬಂದದ್ದಲ್ಲ.

ಉಳಿದ ದಿನಗಳನ್ನು ಏನು ಮಾಡಬೇಕು? ಮಲಗಬೇಕೇ, ಓದಬೇಕೇ? ನನ್ನ ಅಭಿಪ್ರಾಯದಲ್ಲಿ ಮೊದಲು ಮಲಗಬೇಕು. ದಿನಕ್ಕೆ ಐದಾರು ತಾಸು ಅರವತ್ತು ಮಕ್ಕಳಿಗೆ ಕೇಳುವಂತೆ ಮಾತನಾಡಿದ ಗಂಟಲಿಗೆ ಔಷಧಕ್ಕಿಂತ ಮೌನ ಹೆಚ್ಚು ಹಿತ. ಮೊದಲ ಮೂರು ವಾರ ನಾನು ಪುಸ್ತಕ ಮುಟ್ಟುವುದಿಲ್ಲ, ಯಾವ ಶಿಬಿರಕ್ಕೂ ಸ್ವಂತ ಇಚ್ಛೆಯಿಂದ ಹೆಸರು ಕೊಡುವುದಿಲ್ಲ. ಆ ಮೇಲೆ ಮನಸ್ಸು ತಾನಾಗಿಯೇ ಏನನ್ನಾದರೂ ಕೇಳತೊಡಗುತ್ತದೆ. ಹಾಗೆ ಕೇಳಿದಾಗ ಒಂದು ಬೇಸಿಗೆಯಲ್ಲಿ ಕೈಕೊಂಡ ಪ್ರವಾಸವಿದು. ದೂರದ ಊಟಿ, ಮಹಾಬಲೇಶ್ವರಗಳಿಗಲ್ಲ. ನಾನು ಮೂವತ್ತು ವರ್ಷ ಪಾಠ ಹೇಳಿದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಐದು ತಾಲೂಕುಗಳಿಗೆ. ನಿಯಮ ಎರಡೇ. ದಿನಕ್ಕೆ ಒಂದು ತಾಲೂಕು. ಹನ್ನೊಂದು ಗಂಟೆಯ ಬಿಸಿಲೇರುವ ಮುನ್ನ ನೋಡುವುದು ಮುಗಿಸಿ, ಮಧ್ಯಾಹ್ನ ಬಂಧುಗಳ ಮನೆಯಲ್ಲೋ ಗುಡಿಯ ಕಟ್ಟೆಯ ಮೇಲೋ ನಿದ್ರೆ.

ಮೊದಲ ದಿನ ನಿಪ್ಪಾಣಿ. ಪುಣೆ–ಬೆಂಗಳೂರು ಹೆದ್ದಾರಿ ಸ್ತವನಿಧಿಯ ಘಾಟು ಇಳಿದು ಊರನ್ನು ಮುಟ್ಟುವಾಗಲೇ ತಂಬಾಕಿನ ಖಾರವಾದ ವಾಸನೆ ಮೂಗಿಗೆ ಬಡಿಯುತ್ತದೆ. ಪಡಸಾಲೆಯಲ್ಲಿ ಕುಳಿತು, ಮೊರದಲ್ಲಿ ಎಲೆಯಿಟ್ಟುಕೊಂಡು ಬೀಡಿ ಕಟ್ಟುವ ತಾಯಂದಿರ ಬೆರಳುಗಳ ವೇಗವನ್ನು ನೋಡಿಯೇ ನಂಬಬೇಕು. 2018ರಲ್ಲಿ ಚಿಕ್ಕೋಡಿಯಿಂದ ಬೇರ್ಪಟ್ಟು ತಾಲೂಕಾದ ಈ ಭಾಗದಲ್ಲಿ ಕನ್ನಡ ಶಾಲೆಗಳೂ ಮರಾಠಿ ಶಾಲೆಗಳೂ ಅಕ್ಕಪಕ್ಕದಲ್ಲಿಯೇ ನಡೆಯುತ್ತವೆ. ನನಗೆ ಬೆಳಗಿನ ಚಹಾ ಕೊಟ್ಟ ಶಿಕ್ಷಕರು ಮೂಲತಃ ಗೋಕಾಕದ ಕಡೆಯವರು. ಅವರ ಕನ್ನಡ ಶಾಲೆಯ ಮಕ್ಕಳು ಮನೆಯಲ್ಲಾಡುವುದು ಮರಾಠಿ. ಕಳೆದ ಮೂರು ಬೇಸಿಗೆಗಳಲ್ಲಿ ಅವರು ಪಕ್ಕದ ಮನೆಯ ಅಜ್ಜನೊಬ್ಬರಿಂದ ದಿನಕ್ಕೊಂದು ತಾಸು ಮರಾಠಿ ಕಲಿತಿದ್ದಾರೆ. ಮೊದಲ ವರ್ಷ ಮಾತು, ಎರಡನೆಯ ವರ್ಷ ವೃತ್ತಪತ್ರಿಕೆ. ಈಗ ಪಾಲಕರ ಸಭೆಯಲ್ಲಿ ತಾಯಂದಿರ ಅಹವಾಲನ್ನು ಅವರದೇ ಭಾಷೆಯಲ್ಲಿ ಕೇಳಿಕೊಳ್ಳುತ್ತಾರೆ. “ಮೊದಲ ನಾ ಹೇಳೂದು ಅವರಿಗೆ ತಿಳೀತಿತ್ತ್ರಿ ಸರ, ಅವರು ಹೇಳೂದು ನನಗ ತಿಳೀತಿರಲಿಲ್ಲ” ಎಂದರು. ಈ ಕಲಿಕೆಗೆ ಯಾವ ಪ್ರಮಾಣಪತ್ರವೂ ಇಲ್ಲ. ಸೇವಾಪುಸ್ತಕದಲ್ಲಿ ನಮೂದಾಗುವಂಥದೂ ಅಲ್ಲ. ಆದರೆ ಗಡಿಭಾಗದ ಕನ್ನಡವನ್ನು ಉಳಿಸುವ ಕೆಲಸ ಮೆರವಣಿಗೆಗಳಿಗಿಂತ ಇಂಥವರಿಂದಲೇ ಹೆಚ್ಚು ಆಗುತ್ತಿದೆಯೆಂದು ನನಗೆ ತೋರುತ್ತದೆ.

ಅದೇ ನಿಪ್ಪಾಣಿಯಲ್ಲಿ 1925ರ ಏಪ್ರಿಲ್‌ನಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಪಾಲ್ಗೊಂಡ ಬಹಿಷ್ಕೃತ ವರ್ಗಗಳ ಪರಿಷತ್ತು ಸೇರಿತ್ತು. ಪಠ್ಯಪುಸ್ತಕದಲ್ಲಿ ಅಂಬೇಡ್ಕರರ ಪಾಠವಿದೆ. ಅವರು ತಮ್ಮ ಊರಿನ ನೆಲವನ್ನೇ ಮೆಟ್ಟಿದ್ದರೆಂದು ಹೇಳಿದರೆ ನಿಪ್ಪಾಣಿಯ ಹುಡುಗನಿಗೆ ಆ ಪಾಠ ಬೇರೆಯೇ ಆಗಿಬಿಡುತ್ತದೆ.

ಎರಡನೆಯ ದಿನ ಚಿಕ್ಕೋಡಿ. ಊರಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಲಾಖೆಯ ಕಚೇರಿಗಳು ಇಲ್ಲಿಯೇ ಇರುವುದರಿಂದ ನಮ್ಮಂಥವರಿಗೆ ಈ ಊರೆಂದರೆ ಸಭೆ, ಸುತ್ತೋಲೆ, ತರಬೇತಿಗಳ ನೆನಪು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ತಾಸು ವೃತ್ತಿಕಲಿಕೆಯಲ್ಲಿ ತೊಡಗಬೇಕೆಂದು ಹೇಳಿದೆ. ಆಶಯ ಒಳ್ಳೆಯದೇ. ಆದರೆ ತಾಸುಗಳನ್ನು ಎಣಿಸುವುದು ಸುಲಭ, ಕಲಿತದ್ದನ್ನು ಅಳೆಯುವುದು ಕಷ್ಟ; ಮೊಬೈಲಿನಲ್ಲಿ ಪಾಠವನ್ನು ಹಚ್ಚಿಟ್ಟು ಹೊಲಕ್ಕೆ ಹೋಗಿಬಂದವರೂ ಪ್ರಮಾಣಪತ್ರ ಪಡೆದದ್ದನ್ನು ಕಂಡಿದ್ದೇನೆ.

ಬೆಳಗಿನ ಬಸ್ಸು ಹಿಡಿದು ಯಡೂರಿಗೆ ಹೋದೆ. ಶ್ರೀ ವೀರಭದ್ರೇಶ್ವರನ ದರ್ಶನಕ್ಕೆಂದು ಕರ್ನಾಟಕ, ಮಹಾರಾಷ್ಟ್ರಗಳೆರಡರಿಂದಲೂ ಭಕ್ತರು ಬರುವ ಈ ಕ್ಷೇತ್ರವನ್ನು ಓದುಗರಲ್ಲಿ ಅನೇಕರು ಬಲ್ಲರು. ದರ್ಶನ ಮುಗಿಸಿ ಹೊಳೆಯ ದಂಡೆಗೆ ನಡೆದರೆ ಮೇ ತಿಂಗಳ ಕೃಷ್ಣೆ ಬಡವಾಗಿದ್ದಳು. ಕಲ್ಲೋಳ–ಯಡೂರ ಬ್ಯಾರೇಜಿನ ಮೇಲೆ ಎತ್ತಿನಗಾಡಿಯೂ ಮೋಟರ್ ಸೈಕಲ್ಲೂ ನಿಶ್ಚಿಂತೆಯಿಂದ ದಾಟುತ್ತಿದ್ದವು. ಮಳೆಗಾಲ ಬಂದರೆ ಇದೇ ಸೇತುವೆ ನೀರಿನ ತಳದಲ್ಲಿರುತ್ತದೆ. ವೇದಗಂಗೆ, ದೂಧಗಂಗೆಗಳ ಮೇಲಿನ ಕುನ್ನೂರ, ಅಕ್ಕೋಳ, ಮಲಿಕವಾಡದ ಸೇತುವೆಗಳೂ ಹಾಗೆಯೇ. ಶಾಲೆಗೆ ಬರುವ ಶಿಕ್ಷಕರು ಆಗ ಹತ್ತು ಮೈಲಿ ಸುತ್ತು ಹಾಕುತ್ತಾರೆ.

2019ನೆಯ ವರ್ಷವನ್ನು ಈ ದಂಡೆಯವರು ಮರೆಯಲಾರರು. ಆ ಬೇಸಿಗೆಯಲ್ಲಿ ಕೃಷ್ಣೆ ಬತ್ತಿತು. ಕೊಯ್ನಾ ಜಲಾಶಯದಿಂದ ನೀರು ಬಿಡಿಸಿರೆಂದು ಅಥಣಿ, ಚಿಕ್ಕೋಡಿಯ ಜನ ಬೀದಿಗಿಳಿದರು. ಕರ್ನಾಟಕ ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಮೂರು ತಿಂಗಳೂ ಕಳೆಯಲಿಲ್ಲ. ಆಗಸ್ಟಿನಲ್ಲಿ ಅದೇ ಹೊಳೆ ಊರುಗಳ ಒಳಗೆ ನುಗ್ಗಿತು. ನಮ್ಮ ಶಾಲೆಗಳು ಪರಿಹಾರ ಕೇಂದ್ರಗಳಾದವು. ಕಪ್ಪುಹಲಗೆಯ ಕೆಳಗೆ ಒಲೆಗಳು ಹೊತ್ತಿದವು. ಮತ್ತೆ ತರಗತಿ ಶುರುವಾದ ಮೇಲೆ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಸರ, ನಮ್ಮೂರಾಗ ಅಷ್ಟ ಮಳಿ ಆಗಿರಲಿಲ್ಲ. ಮತ್ತ ಹೊಳಿ ಹೆಂಗ ಬಂತ್ರಿ?”

ಉತ್ತರ ಭೂಗೋಳದಲ್ಲಿದೆ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ. ಅಥಣಿಯ ಬಯಲಿಗೆ ಬಂದರೆ ಅದರ ಹತ್ತರಲ್ಲೊಂದು ಪಾಲು ಬಿದ್ದರೆ ಪುಣ್ಯ. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಹತ್ತಿರ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗೆ ಕೂಡಿಕೊಂಡು, ಸಹ್ಯಾದ್ರಿಯ ನೀರನ್ನೆಲ್ಲ ಹೊತ್ತು ಕೃಷ್ಣೆ ನಮ್ಮ ಜಿಲ್ಲೆಗೆ ಕಾಲಿಡುತ್ತಾಳೆ. ಆಮೇಲೆ ದೂಧಗಂಗೆಯೂ ಸೇರುತ್ತಾಳೆ. ನಮ್ಮ ಮೇಲೆ ಮೋಡವೇ ಇಲ್ಲದ ದಿನವೂ ನಮ್ಮ ಹೊಲ ಮುಳುಗಬಲ್ಲದು. ಇದನ್ನು ಅಂದು ಬಾಯಲ್ಲಿ ಹೇಳಿದ್ದೆ. ಈ ಸಲ ದಂಡೆಯ ರೈತರೊಬ್ಬರು ತಮ್ಮ ಮನೆಯ ಗೋಡೆಯ ಮೇಲೆ ನೀರು ನಿಂತ ಗುರುತನ್ನು ತೋರಿಸಿದರು. ನನ್ನ ಎದೆಯ ಮಟ್ಟಕ್ಕಿತ್ತು. ಅಗಸಿಯ ಕಲ್ಲಿನ ಮೇಲೆ 2005ರ ಗುರುತೆಂದು ಅವರು ತೋರಿಸಿದ್ದು ಅದಕ್ಕಿಂತ ಕೆಳಗಿತ್ತು. ಎರಡನ್ನೂ ಅಳೆದು ಬರೆದುಕೊಂಡೆ. ಬರುವ ವರ್ಷ ಮಕ್ಕಳು ತಮ್ಮ ತಮ್ಮ ಗೋಡೆಗಳನ್ನು ಅಳೆದು ತಂದರೆ, ಹೊಳೆಯ ನಕಾಶೆಯೊಂದು ತರಗತಿಯಲ್ಲಿಯೇ ಸಿದ್ಧವಾಗುತ್ತದೆ. ಅಷ್ಟು ವಿಚಾರ ಹೊಳೆದದ್ದು ಗುಡಿಯ ಕಟ್ಟೆಯ ಮೇಲೆ ಮಧ್ಯಾಹ್ನ ಅರೆನಿದ್ದೆಯಲ್ಲಿ ಹೊರಳುತ್ತಿದ್ದಾಗ. ವಿಶ್ರಾಂತಿ ಬೇರೆ, ಅಧ್ಯಯನ ಬೇರೆ ಎಂದು ದಿನಚರಿಯಲ್ಲಿ ಗೆರೆ ಎಳೆಯುವವರು ಈ ಅರೆನಿದ್ದೆಯನ್ನು ಯಾವ ಕಡೆಗೆ ಸೇರಿಸುತ್ತಾರೋ ನಾನರಿಯೆ.

ಮೂರನೆಯ ದಿನ ರಾಯಬಾಗ. ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ಸೀಮೆಯಿದು. ಛತ್ರಪತಿ ಶಾಹೂ ಮಹಾರಾಜರು 1917ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿಸಲು ಕಾಯಿದೆ ತಂದರು. ದೇಶಕ್ಕೆಲ್ಲ ಅನ್ವಯವಾಗುವ ಶಿಕ್ಷಣ ಹಕ್ಕಿನ ಕಾಯಿದೆ ಬಂದದ್ದು 2009ರಲ್ಲಿ. ಚಿಂಚಲಿಯ ಮಾಯಕ್ಕಾದೇವಿಗೆ ಕೈಮುಗಿದು, ಕುಡಚಿಯಲ್ಲಿ ರೈಲು ಹತ್ತಿದೆ. ಕೃಷ್ಣೆಯ ಸೇತುವೆಯ ಮೇಲೆ ಗಾಡಿ ಸಾಗುವಾಗ ಡಬ್ಬಿಯಲ್ಲಿದ್ದ ಹಳ್ಳಿಗರು ಕಿಟಕಿಯಿಂದ ನಾಣ್ಯ ಎಸೆದು ಹೊಳೆತಾಯಿಗೆ ನಮಸ್ಕರಿಸಿದರು.

ಆಚೆಯ ದಡದಲ್ಲಿ ಉಗಾರ ಖುರ್ದ. ಸಕ್ಕರೆ ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಚಳಿಗಾಲವೆಲ್ಲ ಹಗಲಿರುಳು ಕಬ್ಬು ನುರಿಸುವ ಕಾರ್ಖಾನೆಗಳಿಗೂ ಬೇಸಿಗೆಯಲ್ಲಿ ಸೂಟಿ. ಸೂಟಿ ಎಂದರೆ ಬೀಗ ಹಾಕಿಡುವುದಲ್ಲ. ಗಾಣದ ಭಾರವಾದ ಉರುಳೆಗಳನ್ನು ಬಿಚ್ಚಿ ಇಳಿಸುತ್ತಾರೆ. ಸವೆದ ಹಲ್ಲುಗಳನ್ನು ಮತ್ತೆ ಕೊರೆಸುತ್ತಾರೆ. ಕುದಿಸುವ ಪಾತ್ರೆಗಳ ಕೊಳವೆಗಳಲ್ಲಿ ಹೆಪ್ಪುಗಟ್ಟಿದ ಕರಕನ್ನು ಕೆರೆದು ತೆಗೆಯುತ್ತಾರೆ. ನನ್ನೆದುರು ಕುಳಿತಿದ್ದ ಫಿಟ್ಟರರೊಬ್ಬರು ಇದನ್ನೆಲ್ಲ ವಿವರಿಸಿ, “ನಡಿಯೂ ಮಿಲ್‌ನ್ಯಾಗ ಕೈ ಹಾಕಾಕ ಬರೂದಿಲ್ರಿ. ನಿಂತಾಗನ ಮಾಡಬೇಕು” ಎಂದರು.

ಶೇಡಬಾಳದಲ್ಲಿ ಇಳಿದೆ. ಈಗ ಕಾಗವಾಡ ತಾಲೂಕಿಗೆ ಸೇರಿರುವ ಈ ಊರು ಮಿರ್ಜಿ ಅಣ್ಣಾರಾಯರ ಊರು. 1918ರಲ್ಲಿ ಹುಟ್ಟಿ 1975ರಲ್ಲಿ ತೀರಿಕೊಂಡ ಅಣ್ಣಾರಾಯರು ಪ್ರಾಥಮಿಕ ಶಾಲೆಯ ಶಿಕ್ಷಕರು. ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸ ಮಾಡುತ್ತಲೇ ‘ನಿಸರ್ಗ’ದಂಥ ಕಾದಂಬರಿಗಳನ್ನು ಬರೆದು, ಈ ಭಾಗದ ರೈತಾಪಿ ಕುಟುಂಬಗಳ ಬದುಕನ್ನು ಕನ್ನಡ ಸಾಹಿತ್ಯದೊಳಕ್ಕೆ ತಂದರು, ಜೈನಧರ್ಮದ ಬಗೆಗೂ ದೊಡ್ಡ ಗ್ರಂಥ ರಚಿಸಿದರು. ಅವರ ಕಾದಂಬರಿಯ ಜನ ಬೇರೆಲ್ಲಿಂದಲೋ ಬಂದವರಲ್ಲ. ಶಾಲೆಯ ಮಕ್ಕಳ ತಂದೆತಾಯಿಗಳಂಥವರು, ಸಂತೆಯಲ್ಲಿ ಸಿಗುವವರು. ನಮ್ಮ ಪ್ರಾಥಮಿಕ ಶಿಕ್ಷಕರಲ್ಲಿ ಎಷ್ಟು ಜನ ಅವರ ಒಂದು ಪುಸ್ತಕವನ್ನಾದರೂ ಓದಿದ್ದಾರೆ? ಒಂದು ಬೇಸಿಗೆಗೆ ಒಂದು ಕಾದಂಬರಿ, ಅದೂ ಬೇವಿನ ನೆರಳಿನಲ್ಲಿ ಮಲಗಿಕೊಂಡು ಓದಿದರೆ, ಅದನ್ನು ದಣಿವೆಂದು ಯಾರೂ ಹೇಳಲಾರರು.

ನಾಲ್ಕನೆಯ ದಿನ ಕಾಗವಾಡದಲ್ಲಿ ನಮ್ಮ ದೂರದ ಸಂಬಂಧಿಕರ ಮನೆಯಲ್ಲಿ ಉಳಿದೆ. ಅವರ ಸೊಸೆ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಇಲ್ಲಿ ನಾನು ಕಂಡದ್ದನ್ನು ವಿವರವಾಗಿ ಬರೆಯಬೇಕು. ಏಕೆಂದರೆ ನಮ್ಮ ಮನೆಗಳಲ್ಲಿ ಮಾಸ್ತರರ ಸೂಟಿ ಬೇರೆ, ಅಕ್ಕೋರ ಸೂಟಿ ಬೇರೆ. ಮಾಸ್ತರರು ಸೂಟಿಯಲ್ಲಿ ಮನೆಯಲ್ಲಿರುತ್ತಾರೆ. ಅಕ್ಕೋರು ಮನೆಯಲ್ಲಿದ್ದಾರೆಂದೇ ಮನೆಯ ಕೆಲಸವೆಲ್ಲ ಸೂಟಿಗಾಗಿ ಕಾದಿರುತ್ತದೆ. ಶ್ಯಾವಿಗೆ ಹೊಸೆಯುವುದು, ಹಪ್ಪಳ, ಸಂಡಿಗೆ, ಕುರುಡಿಗೆ, ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತೊಟ್ಟು ಬಿಡಿಸಿ ಖಾರ ಕುಟ್ಟಿಸುವುದು, ಉಪ್ಪಿನಕಾಯಿ. ತವರಿಗೆ ಬರುವ ನಾದಿನಿಯರು, ಅವರ ಮಕ್ಕಳು. ಮೇಲೆ ಬಸವ ಜಯಂತಿಯ ಸುತ್ತಮುತ್ತಲ ಮದುವೆಗಳು. ಜೂನ್ ತಿಂಗಳಲ್ಲಿ ಶಾಲೆಗೆ ಮರಳುವಾಗ ಆಕೆ ಏಪ್ರಿಲಿನಲ್ಲಿದ್ದದ್ದಕ್ಕಿಂತ ಹೆಚ್ಚು ದಣಿದಿರುತ್ತಾಳೆ.

ಈ ಮನೆಯಲ್ಲಿ ಎರಡು ವರ್ಷಗಳ ಹಿಂದೆ ಒಂದು ಬದಲಾವಣೆಯಾಯಿತಂತೆ. ಸೊಸೆ ಒಂದು ದಿನ ಮಾವನವರ ಎದುರಿಗೆ ತನ್ನ ದಿನದ ಲೆಕ್ಕವನ್ನು ಹೇಳಿ, ಮಧ್ಯಾಹ್ನದ ಎರಡು ತಾಸು ತನ್ನವಾಗಬೇಕೆಂದು ಕೇಳಿದಳು. ಒಂದು ತಾಸು ನಿದ್ರೆಗೆ, ಒಂದು ತಾಸು ಓದಿಗೆ. ಮಾವ ಏನೂ ಹೇಳಲಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಅತ್ತೆ ಮಾತ್ರ ಅಂದಿನಿಂದ ಬಾಗಿಲ ಹತ್ತಿರ ಕಾವಲು ಕುಳಿತಿದ್ದಾರೆ. ನಾನಿದ್ದಾಗಲೇ ನೆರೆಮನೆಯ ಹೆಣ್ಣುಮಗಳು ಶ್ಯಾವಿಗೆಗೆ ಕರೆಯಲು ಬಂದಳು. ಅತ್ತೆ ಅಲ್ಲಿಂದಲೇ, “ಅಕ್ಕೋರು ಓದಾಕತ್ತಾರವ್ವಾ. ನಾಕ ಹೊಡದ ಮ್ಯಾಲ ಬಾ. ಅಲ್ಲೀತನಕ ನಾ ಬರತೇನಿ ನಡಿ” ಎಂದು ಎದ್ದು ಹೋದರು. ಅವರ ಮಗ, ಆತನೂ ಪ್ರೌಢಶಾಲೆಯ ಶಿಕ್ಷಕ, ಆ ಹೊತ್ತಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಸೀನುತ್ತಿದ್ದ. ಕಾಯಕದ ಮಾತನ್ನು ನಾವು ವೇದಿಕೆಗಳ ಮೇಲೆ ಬಹಳ ಆಡುತ್ತೇವೆ. ಅಡುಗೆಮನೆಯ ಕಾಯಕವನ್ನು ಹಂಚಿಕೊಂಡ ಗಂಡಸರನ್ನು ನಾನು ಅಷ್ಟಾಗಿ ಕಂಡಿಲ್ಲ.

ಸಂಜೆ ಆಕೆ ತನ್ನ ನೋಟುಪುಸ್ತಕ ತೋರಿಸಿದಳು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ, ಮೂವರು ಅಕ್ಕೋರು ಸೇರಿ ಪ್ರತಿ ಸೂಟಿಯಲ್ಲಿ ಒಂದು ಊರಿಗೆ ಹೋಗುತ್ತಾರಂತೆ. ವಿಜಯಪುರ ಆಯಿತು, ಕಿತ್ತೂರು ಆಯಿತು. “ಕಿತ್ತೂರ ಚೆನ್ನಮ್ಮನ ಪಾಠ ಹದಿನಾಲ್ಕ ವರ್ಷ ಹೇಳೇನ್ರಿ ಅಣ್ಣಾರ. ಕೋಟಿ ನೋಡಿದ್ದು ಹ್ವಾದ ವರ್ಷ” ಎಂದಳು. ನೋಟುಪುಸ್ತಕದಲ್ಲಿ ಕೋಟೆಯ ಗೋಡೆಯ ಚಿತ್ರ, ಅದರ ಕೆಳಗೆ ಮಕ್ಕಳಿಗೆ ಕೇಳಬೇಕಾದ ಹನ್ನೊಂದು ಪ್ರಶ್ನೆಗಳಿದ್ದವು.

ಕೊನೆಯ ದಿನ ಅಥಣಿ. ಬೆಳಗಿನ ಜಾವವೇ ಗಚ್ಚಿನಮಠಕ್ಕೆ ಹೋದೆ. ಮುರುಘೇಂದ್ರ ಶಿವಯೋಗಿಗಳು (1836–1921) ತಪಗೈದ ಆ ನೆಲದಲ್ಲಿ ಮಾತನಾಡಬೇಡಿರೆಂದು ಯಾರೂ ಹೇಳಬೇಕಾಗಿಲ್ಲ. ನಾಲಿಗೆ ತಾನೇ ಸುಮ್ಮನಾಗುತ್ತದೆ. ವರ್ಷವಿಡೀ ಮಾತಿನಿಂದಲೇ ಅನ್ನ ಗಳಿಸುವವನಿಗೆ ಇದಕ್ಕಿಂತ ದೊಡ್ಡ ಸೂಟಿ ಬೇಕಿಲ್ಲ. ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಮೃತ್ಯುಂಜಯ ಅಪ್ಪಗಳು ಅಥಣಿಯಿಂದ ಧಾರವಾಡದ ಮುರುಘಾಮಠಕ್ಕೆ ಹೋಗಿ, 1917ರಲ್ಲಿ ಬಡ ವಿದ್ಯಾರ್ಥಿಗಳಿಗೆ ಪ್ರಸಾದ ನಿಲಯ ತೆರೆದರು. ಅದರ ಹಿಂದಿನ ವರ್ಷವೇ, 1916ರ ನವೆಂಬರ್ 13ರಂದು, ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ್ದರು. ಅವರಲ್ಲೊಬ್ಬರ ಅಡ್ಡಹೆಸರೇ ಚಿಕ್ಕೋಡಿ. ಅದೇ ಏಳು ಜನರಲ್ಲಿ ಶಿ. ಶಿ. ಬಸವನಾಳರು ಬಸವಣ್ಣನವರ ವಚನಗಳನ್ನು ಸಂಪಾದಿಸಿದರು. ಸಾಖರೆಯವರು 1942ರಲ್ಲಿ ಲಿಂಗಧಾರಣ ಚಂದ್ರಿಕೆಯನ್ನು ದೀರ್ಘ ಪ್ರಸ್ತಾವನೆಯೊಡನೆ ಹೊರತಂದರು. ಸಂಸ್ಥೆ ಕಟ್ಟುವ ತಿರುಗಾಟ, ತರಗತಿಯ ಪಾಠ, ಓಲೆಗರಿಗಳ ಪಾಠಾಂತರ ಇವೆಲ್ಲ ಅವರಲ್ಲಿ ಕೂಡಿ ನಡೆದವು. ಎಲ್ಲರೂ ಅಂಥವರಾಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಅವರ ಓದನ್ನು ಯಾವ ಸುತ್ತೋಲೆಯೂ ವಿಧಿಸಿರಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಐದು ದಿನ ತಿರುಗಿ ನನ್ನ ಚಪ್ಪಲಿಯ ಉಂಗುಷ್ಠ ಹರಿದಿದ್ದರಿಂದ ಪೇಟೆಗೆ ನಡೆದೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಗಳನ್ನು ಅಥಣಿಯ ಸುತ್ತಲ ಊರುಗಳಲ್ಲಿ ತಲೆತಲಾಂತರದಿಂದ ಹೊಲಿಯುತ್ತಾರೆ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಂಗಡಿಯ ಹಿರಿಯರು ಜೋಡು ತೋರಿಸುತ್ತ, ಮಳೆಗಾಲದಲ್ಲಿ ತೊಗಲು ಒಣಗುವುದಿಲ್ಲ, ಬೇಸಿಗೆಯೇ ತಮಗೆ ದುಡಿಮೆಯ ಕಾಲ ಎಂದರು. ನಾನು ಮಾಸ್ತರನೆಂದು ಕೇಳಿ ನಕ್ಕರು: “ಹಂಗಾದರ ನಿಮಗ ಸೂಟಿ, ನಮಗ ದಗದ.” ಹೊಸ ಜೋಡನ್ನು ಅಲ್ಲಿಯೇ ಮೆಟ್ಟಿಕೊಂಡು ಹೊರಡುವವನಿದ್ದೆ. ಅವರು ತಡೆದು ಹಳೆಯದಕ್ಕೇ ಎರಡು ಹೊಲಿಗೆ ಹಾಕಿಕೊಟ್ಟು, ಹೊಸದನ್ನು ಕಾಗದದಲ್ಲಿ ಸುತ್ತಿದರು. “ಇದನ್ನ ಎಣ್ಣಿ ಹಚ್ಚಿ ಎಂಟ ದಿನ ಮನ್ಯಾಗ ಅಷ್ಟ ಮೆಟ್ರಿ ಸರ. ಸಾಲಿ ಚಾಲೂ ಆಗೂದರಾಗ ಕಾಲಿಗೆ ಕೂಡತೈತಿ.”